ಸ್ವೆಟರ್ ಮೈಗೆ ಸರಿಯಾಗಿ ಕೂರಬೇಕಾ? ಮೊದಲು ಸ್ಯಾಂಪಲ್ ತುಂಡು ಒಗೆಯಿರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರ್ತೀರ, ಕೆಲವರ ಕೈಯಲ್ಲಿ ಕಡ್ಡಿ, ಉಲ್ಲನ್ ಕೂಡ ಇರಬಹುದು. ಹೆಣಿಗೆ ಕಲಿಯೋದು ಹೇಗೆ ಅಂತ ಹಿಂದೆ ಒಂದು ಸಂಚಿಕೆ ಮಾಡಿದ್ದೆ. ಅದಾದ ಮೇಲೆ ಬಂದ ಮೆಸೇಜ್‌ಗಳಲ್ಲಿ ಮತ್ತೆ ಮತ್ತೆ ಒಂದೇ ದೂರು. ಮಫ್ಲರ್ ಚೆನ್ನಾಗಿ ಬಂತು, ಟೋಪಿನೂ ಬಂತು, ಆಮೇಲೆ ಧೈರ್ಯ ಮಾಡಿ ಸ್ವೆಟರ್‌ಗೆ ಕೈ ಹಾಕಿದೆ, ಎರಡು ತಿಂಗಳು ಕೂತು ಮುಗಿಸಿದೆ, ತೊಟ್ಟು ನೋಡಿದ್ರೆ ನೈಟಿ ಥರ ಇದೆ. ಇನ್ನು ಕೆಲವರದ್ದು ಅದರ ವಿರುದ್ಧ: ತಲೆಯೇ ತೂರಲ್ಲ.

ಇವರೆಲ್ಲ ಮಾದರಿಯನ್ನ, ಅಂದ್ರೆ ಪ್ಯಾಟರ್ನನ್ನ, ಅಕ್ಷರ ಅಕ್ಷರ ಪಾಲಿಸಿದವರು. 200 ಸ್ಟಿಚ್ ಹಾಕಿ ಅಂದ್ರೆ 200 ಹಾಕಿದ್ದಾರೆ. ಎಲ್ಲೂ ತಪ್ಪಿಲ್ಲ. ಹಾಗಿದ್ರೂ ಕೂರಲಿಲ್ಲ ಯಾಕೆ? ಇವತ್ತು ಅದನ್ನೇ ಮಾತಾಡೋಣ. ಕಾರಣ ಬಹಳ ಸರಳ. ಪ್ಯಾಟರ್ನ್ ಬರೆದವರಿಗೆ ಎರಡು ವಿಷಯ ಗೊತ್ತಿಲ್ಲ. ಒಂದು ನಿಮ್ಮ ಕೈ, ಇನ್ನೊಂದು ಆ ಬಟ್ಟೆ ತೊಡೋ ಮೈ. ಈ ಎರಡು ಅಳತೆಯನ್ನ ನೀವೇ ತರಬೇಕು. ತರದೇ ಶುರು ಮಾಡಿದ್ರೆ ಅದು ಲಾಟರಿ.

ಟೈಲರ್ ಹತ್ರ ಹೋದಾಗ ನಾವು ಏನು ಹೇಳ್ತೀವಿ? "ಒಳಗೆ ಸ್ವಲ್ಪ ಬಟ್ಟೆ ಬಿಡಿ ಅಣ್ಣಾ." ದಪ್ಪ ಆದ್ರೆ ಬಿಚ್ಚಿಸಿ ಸಡಿಲ ಮಾಡಿಸ್ಕೊಳ್ಳೋಕೆ. ಟೈಲರ್‌ಗೆ ಬಟ್ಟೆ ಮೊದಲೇ ಸಿದ್ಧವಾಗಿ ಬಂದಿರುತ್ತೆ, ಅವರು ಅದನ್ನ ಕತ್ತರಿಸಿ ಮೈಗೆ ಹೊಂದಿಸ್ತಾರೆ. ಹೆಣಿಗೆಯಲ್ಲಿ ಹಾಗಲ್ಲ. ಬಟ್ಟೆಯೂ ಉಡುಪೂ ಒಟ್ಟಿಗೇ ಹುಟ್ಟುತ್ತವೆ. ಒಳಗೆ ಬಿಡೋಕೆ ಬಟ್ಟೆನೇ ಇಲ್ಲ, ಕತ್ತರಿಸೋ ಹಾಗೂ ಇಲ್ಲ. ಅದಕ್ಕೇ ಅಳತೆಯ ಕೆಲಸ ಕೊನೆಯಲ್ಲಿ ಬರಲ್ಲ, ಎಲ್ಲಕ್ಕಿಂತ ಮೊದಲು ಬರುತ್ತೆ.

ಮೊದಲು ಕೈ ಅಳೆಯೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲ ಇದರ ಮೇಲೆ ನಿಂತಿದೆ.

ಉಲ್ಲನ್ ಉಂಡೆಯ ಲೇಬಲ್ ನೋಡಿ, ಅಥವಾ ಯಾವುದೇ ಪ್ಯಾಟರ್ನ್‌ನ ಮೊದಲ ಪುಟ ನೋಡಿ. 10 ಸೆಂ.ಮೀ.ಗೆ, ಅಂದ್ರೆ ಸುಮಾರು 4 ಇಂಚಿಗೆ, 20 ಸ್ಟಿಚ್, 28 ಸಾಲು ಅಂತ ಏನೋ ಬರೆದಿರುತ್ತೆ. ಇದಕ್ಕೆ ಗೇಜ್ ಅಂತಾರೆ. ನಾವು ಬಟ್ಟೆ ಅಳೆಯೋದು ಇಂಚಲ್ಲಿ, ಹಾಗಾಗಿ ಇಂಚಿನಲ್ಲೇ ಲೆಕ್ಕ ಮಾಡೋಣ. 4 ಇಂಚಿಗೆ 20 ಅಂದ್ರೆ ಇಂಚಿಗೆ 5 ಸ್ಟಿಚ್. ಪ್ಯಾಟರ್ನ್ 200 ಸ್ಟಿಚ್ ಹಾಕಿ ಅಂತ ಹೇಳಿದ್ರೆ, ಸ್ವೆಟರ್‌ನ ಎದೆ ಸುತ್ತಳತೆ 40 ಇಂಚು ಬರಬೇಕು ಅಂತ ಅರ್ಥ.

ಈಗ ಮೂವರು ಗೆಳತಿಯರು ಅದೇ ಉಲ್ಲನ್, ಅದೇ ಕಡ್ಡಿ, ಅದೇ ಪ್ಯಾಟರ್ನ್ ಹಿಡಿದು ಕೂತಿದ್ದಾರೆ ಅಂದ್ಕೊಳ್ಳಿ. ಒಬ್ಬಳ ಕೈ ಪ್ಯಾಟರ್ನ್ ಬರೆದವರ ಕೈ ಥರಾನೇ ಇದೆ, 4 ಇಂಚಿಗೆ 20. ಅವಳ ಸ್ವೆಟರ್ 40 ಇಂಚು. ಇನ್ನೊಬ್ಬಳು ದಾರ ಬಿಗಿಯಾಗಿ ಎಳೀತಾಳೆ, 4 ಇಂಚಿಗೆ 22 ಬರುತ್ತೆ. ಇಂಚಿಗೆ ಐದೂವರೆ. 200 ಅನ್ನ ಐದೂವರೆಯಿಂದ ಭಾಗಿಸಿ: 36.4 ಇಂಚು. ಮೂರನೆಯವಳದ್ದು ಸಡಿಲ ಕೈ, 18 ಬರುತ್ತೆ, ಇಂಚಿಗೆ ನಾಲ್ಕೂವರೆ. ಅವಳದ್ದು 44.4 ಇಂಚು. ಇಂಚಿಗೆ ಬರೀ ಅರ್ಧ ಸ್ಟಿಚ್ ವ್ಯತ್ಯಾಸ. ಕಣ್ಣಿಗೆ ಕಾಣಿಸೋದೂ ಇಲ್ಲ. ಆದರೆ ಒಂದೇ ಪ್ಯಾಟರ್ನ್‌ನಿಂದ 36, 40, 44 ಸೈಜಿನ ಮೂರು ಸ್ವೆಟರ್ ಹುಟ್ಟಿದವು. ಯಾರೂ ತಪ್ಪು ಮಾಡಿಲ್ಲ. ಕೈಗಳು ಬೇರೆ, ಅಷ್ಟೇ. ಅಕ್ಷರ ಒಬ್ಬೊಬ್ಬರದ್ದು ಒಂದೊಂದು ಥರ ಇರಲ್ವಾ, ಹಾಗೇ.

ನಿಮ್ಮ ಕೈ ಯಾವ ಥರದ್ದು ಅಂತ ಗೊತ್ತಾಗೋಕೆ ಇರೋದು ಒಂದೇ ದಾರಿ. ಸ್ಯಾಂಪಲ್ ತುಂಡು ಹೆಣೆದು ನೋಡೋದು. ಸ್ವಾಚ್ ಅಂತಾರೆ. ಇದರ ಹೆಸರು ಕೇಳಿದ ತಕ್ಷಣ ಮುಖ ಸಿಂಡರಿಸೋರೇ ಜಾಸ್ತಿ. ಉಲ್ಲನ್ ಮನೆಗೆ ಬಂದಿದೆ, ಕೈ ತುರಿಸ್ತಾ ಇದೆ, ಈಗ ಯಾರು ತುಂಡು ಹೆಣೀತಾ ಕೂತ್ಕೊಳ್ತಾರೆ?

ನಾನು ಬಿಕಾಂ ಓದಿದವಳು, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ. ಒಂದು ಸ್ವೆಟರ್‌ನ ಕೆಳಗಿನ ಅಂಚಿಂದ ಕಂಕುಳಿನವರೆಗೆ 15 ಇಂಚು ಅಂದ್ಕೊಳ್ಳಿ. ಇಂಚಿಗೆ 7 ಸಾಲು, ಅಂದ್ರೆ 105 ಸಾಲು. ಸಾಲಿಗೆ 200 ಸ್ಟಿಚ್. ಒಟ್ಟು 21,000. ನಿಮಿಷಕ್ಕೆ 25 ಸ್ಟಿಚ್ ಹಾಕ್ತೀರಿ ಅಂತ ಹಿಡಿದ್ರೂ 14 ಗಂಟೆ. ಇದು ಬರೀ ಹೊಟ್ಟೆ ಭಾಗ. ಭುಜ, ಕುತ್ತಿಗೆ, ಎರಡು ತೋಳು ಇನ್ನೂ ಬಾಕಿ ಇವೆ. ಸ್ಯಾಂಪಲ್ ತುಂಡು ಎಷ್ಟು? 6 ಇಂಚು ಅಗಲ, 6 ಇಂಚು ಉದ್ದ. 30 ಸ್ಟಿಚ್, 42 ಸಾಲು. 1,260 ಸ್ಟಿಚ್, 50 ನಿಮಿಷ. ಬೈಕ್‌ಗೆ ಇನ್ಶೂರೆನ್ಸ್ ಕಟ್ಟೋವಾಗ ಪ್ರೀಮಿಯಂ ಎಷ್ಟು, ಹೋದ್ರೆ ಆಗೋ ನಷ್ಟ ಎಷ್ಟು ಅಂತ ನೋಡ್ತೀವಲ್ಲ, ಅದೇ ಲೆಕ್ಕ. ಇಷ್ಟು ಅಗ್ಗದ ಪ್ರೀಮಿಯಂ ನಾನಂತೂ ಎಲ್ಲೂ ನೋಡಿಲ್ಲ.

ತುಂಡು ಯಾಕೆ 6 ಇಂಚು, 4 ಇಂಚೇ ಸಾಕಲ್ವಾ ಅಂತ ಕೇಳ್ತಾರೆ. ಸಾಕಾಗಲ್ಲ. ಅಂಚಿನ ಸ್ಟಿಚ್‌ಗಳು ಯಾವಾಗಲೂ ಸುರುಳಿಕೊಳ್ತವೆ, ಎಳೆದಾಡ್ತವೆ. ಮಧ್ಯದ 4 ಇಂಚು ಮಾತ್ರ ನಿಜ ಹೇಳುತ್ತೆ. ಒಂದೇ ಇಂಚು ಅಳೆದು ನಾಲ್ಕರಿಂದ ಗುಣಿಸಬೇಡಿ. ಆಗಲೇ ನೋಡಿದ್ವಲ್ಲ, ಇಂಚಿಗೆ ಅರ್ಧ ಸ್ಟಿಚ್ ಎಣಿಕೆ ಆಚೀಚೆ ಆದ್ರೆ ಸ್ವೆಟರ್‌ನಲ್ಲಿ ನಾಲ್ಕು ಇಂಚು ಆಚೀಚೆ.

ಈಗ ಶೀರ್ಷಿಕೆಯ ವಿಷಯ. ತುಂಡು ಹೆಣೆದಾದ ಮೇಲೆ ಅದನ್ನ ಒಗೆಯಿರಿ. ಸ್ವೆಟರನ್ನ ಹೇಗೆ ಒಗೀತೀರೋ ಹಾಗೇ. ಮಷೀನ್‌ಗೆ ಹಾಕೋರಾದ್ರೆ ತುಂಡೂ ಮಷೀನ್‌ಗೇ ಹೋಗಲಿ. ಚಪ್ಪಟೆಯಾಗಿ ಹಾಸಿ ಒಣಗಿಸಿ, ಆಮೇಲೆ ಅಳೆಯಿರಿ. ಯಾಕಂದ್ರೆ ಕಡ್ಡಿಯಿಂದ ಇಳಿದ ಬಟ್ಟೆ ಬೇರೆ, ನೀರು ಕಂಡ ಬಟ್ಟೆ ಬೇರೆ. ಉಣ್ಣೆ ನೀರಲ್ಲಿ ನೆನೆದಾಗ ಸ್ಟಿಚ್‌ಗಳು ತಮ್ಮ ಜಾಗ ಹುಡುಕ್ಕೊಂಡು ಸಮ ಆಗ್ತವೆ. ಮಷೀನ್ ವಾಶ್ ಮಾಡಬಹುದು ಅಂತ ಸಂಸ್ಕರಿಸಿ ಮಾರೋ ಉಣ್ಣೆ, ಸೂಪರ್‌ವಾಶ್ ಅಂತಾರಲ್ಲ, ಅದು ಒಗೆದ ಮೇಲೆ ಉದ್ದ ಆಗೋ ಸ್ವಭಾವದ್ದು. ಹತ್ತಿ ದಾರ ಭಾರ, ತೊಟ್ಟುಕೊಂಡು ಓಡಾಡ್ತಾ ಇದ್ರೆ ಅದರ ತೂಕಕ್ಕೇ ಕೆಳಗೆ ಜೋತು ಬೀಳುತ್ತೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೇಳಿದ್ರೆ ಹೆಚ್ಚಾಗಿ ಕೈಗೆ ಕೊಡೋದು ಅಕ್ರಿಲಿಕ್. ಅದು ಕುರಿಯ ಉಣ್ಣೆಯಲ್ಲ, ಪ್ಲಾಸ್ಟಿಕ್ ಜಾತಿ. ಬರೀ ನೀರಿಗೆ ಅಷ್ಟೇನೂ ಬದಲಾಗಲ್ಲ. ಆದರೆ ಅದರ ಮೇಲೆ ಬಿಸಿ ಇಸ್ತ್ರಿ ಇಟ್ರೆ ಕಥೆ ಮುಗೀತು. ಸ್ಟಿಚ್‌ಗಳ ಪುಟಿತ ಹೋಗಿ ಬಟ್ಟೆ ಲೊಳಲೊಳ ಆಗುತ್ತೆ, ಮತ್ತೆ ಹಿಂದಕ್ಕೆ ಬರಲ್ಲ.

ಕಡ್ಡಿಯ ನಂಬರ್ ಬಗ್ಗೆ ಒಂದು ಎಚ್ಚರಿಕೆ. ಮನೆಯಲ್ಲಿ ಅಮ್ಮಂದೋ ದೊಡ್ಡಮ್ಮಂದೋ ಹಳೇ ಕಡ್ಡಿಗಳಿದ್ರೆ ತಲೆಯ ಮೇಲೆ 8, 10, 12 ಅಂತ ನಂಬರ್ ಇರುತ್ತೆ. ಅದು ಹಳೇ ಬ್ರಿಟಿಷ್ ಲೆಕ್ಕ, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಅಲ್ಲಿ 8 ಅಂದ್ರೆ 4 ಮಿ.ಮೀ., 10 ಅಂದ್ರೆ 3.25 ಮಿ.ಮೀ. ಇಂಟರ್‌ನೆಟ್‌ನಲ್ಲಿ ಸಿಗೋ ಅಮೆರಿಕದ ಪ್ಯಾಟರ್ನ್‌ಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ 8 ಅಂದ್ರೆ 5 ಮಿ.ಮೀ., 10 ಅಂದ್ರೆ 6 ಮಿ.ಮೀ. ನಂಬರ್ ನಂಬಿ ಕಡ್ಡಿ ತಗೊಂಡ್ರೆ ಸ್ವೆಟರ್ ಕೈ ಕೊಡುತ್ತೆ. ಯಾವಾಗಲೂ ಮಿಲಿಮೀಟರ್ ನೋಡಿ.

ಸರಿ, ತುಂಡು ಒಣಗಿತು, ಅಳೆದ್ವಿ, ಗೇಜ್ ಹೊಂದಲಿಲ್ಲ. ಏನು ಮಾಡೋದು? ಸ್ಟಿಚ್ ಜಾಸ್ತಿ ಬಂದ್ರೆ ಸ್ವಲ್ಪ ದಪ್ಪ ಕಡ್ಡಿ, ಕಡಿಮೆ ಬಂದ್ರೆ ಸಣ್ಣ ಕಡ್ಡಿ ತಗೊಂಡು ಇನ್ನೊಂದು ತುಂಡು ಹೆಣೆಯಿರಿ. ಬೇಕು ಅಂತ ಕೈ ಬಿಗಿ ಮಾಡೋದು, ಸಡಿಲ ಮಾಡೋದು ಮಾತ್ರ ಬೇಡ. ಎರಡು ಗಂಟೆ ಆದ ಮೇಲೆ ಟಿವಿ ನೋಡ್ತಾ ಕೂತಾಗ ಕೈ ತನ್ನ ಹಳೇ ಚಾಳಿಗೇ ಹೋಗುತ್ತೆ.

ಇನ್ನು ಮೈ. ಇಲ್ಲಿ ನಮ್ಮೂರ ಟೈಲರ್‌ಗಳಿಂದಲೇ ಕಲಿಯೋ ಒಂದು ಉಪಾಯ ಇದೆ. ಬ್ಲೌಸ್ ಹೊಲಿಸೋಕೆ ಹೋದಾಗ ಅರ್ಧ ಜನ ಟೇಪು ಹಿಡಿಸ್ಕೊಳ್ಳೋದೇ ಇಲ್ಲ. "ಅಳತೆ ಬ್ಲೌಸ್ ತಂದಿದೀನಿ, ಇದೇ ಥರ ಹೊಲಿದುಕೊಡಿ" ಅಂತ ಕೊಟ್ಟು ಬರ್ತಾರೆ. ಎಷ್ಟು ಬುದ್ಧಿವಂತಿಕೆ ನೋಡಿ ಅದು. ಮೈ ಅಳತೆ ಅಂದ್ರೆ ಬರೀ ಮೈ. ಅಳತೆ ಬ್ಲೌಸ್‌ನಲ್ಲಿ ಮೈಯ ಜೊತೆಗೆ ಎಷ್ಟು ಸಡಿಲ ಇದ್ರೆ ನಿಮಗೆ ಹಾಯ್ ಅನ್ಸುತ್ತೆ ಅನ್ನೋದೂ ಸೇರಿರುತ್ತೆ.

ಸ್ವೆಟರ್‌ಗೂ ಅದನ್ನೇ ಮಾಡಿ. ಕಪಾಟಿನಲ್ಲಿ ನಿಮಗೆ ತುಂಬಾ ಇಷ್ಟ ಆಗಿ ಕೂರೋ ಒಂದು ಸ್ವೆಟರೋ, ಸ್ವೆಟ್‌ಶರ್ಟೋ ಇರುತ್ತೆ. ಹೊಸದಕ್ಕೆ ಹತ್ತಿರದ ದಪ್ಪದ್ದು ಇದ್ರೆ ಇನ್ನೂ ಒಳ್ಳೇದು. ನೆಲದ ಮೇಲೆ ಹಾಸಿ, ಎಳೀಬೇಡಿ, ಟೇಪು ಹಿಡೀರಿ. ಕಂಕುಳಿಂದ ಕಂಕುಳಿಗೆ ಅಗಲ, ಅದರ ಎರಡರಷ್ಟು ಸುತ್ತಳತೆ. ಕಂಕುಳಿಂದ ಕೆಳಗಿನ ಅಂಚಿಗೆ ಉದ್ದ. ಒಂದು ಭುಜದ ತುದಿಯಿಂದ ಇನ್ನೊಂದಕ್ಕೆ. ತೋಳಿನ ಉದ್ದ, ತೋಳಿನ ಮೇಲ್ಭಾಗದ ಅಗಲ. ಇಷ್ಟು ಫೋನ್‌ನಲ್ಲಿ ಬರೆದಿಟ್ಕೊಳ್ಳಿ. ಇದು ನಿಮ್ಮ ಅಳತೆ ಬ್ಲೌಸ್.

ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಅಳತೆ ಕೊಟ್ಟಿರ್ತಾರೆ. ಯಾವ ಮೈಗೆ ಅನ್ನೋದು ಒಂದು, ಹೆಣೆದು ಮುಗಿದ ಮೇಲೆ ಸ್ವೆಟರ್ ಎಷ್ಟಿರುತ್ತೆ ಅನ್ನೋದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸಕ್ಕೆ ಈಸ್ ಅಂತಾರೆ, ನಾವು ಸಡಿಲು ಅನ್ನೋಣ. ಮೈಗೆ ಅಂಟಿದ ಹಾಗೆ ಬೇಕಾದ್ರೆ ಒಂದೆರಡು ಇಂಚು ಸಡಿಲು ಸಾಕು. ಶರ್ಟಿನ ಮೇಲೆ ಹಾಕೋದಾದ್ರೆ 4 ಇಂಚು. ಟೋಪಿ, ಕಾಲುಚೀಲಕ್ಕೆ ಮಾತ್ರ ಇದು ಮೈನಸ್‌ನಲ್ಲಿರಬೇಕು, ತಲೆಗಿಂತ ಟೋಪಿ ಒಂದೆರಡು ಇಂಚು ಚಿಕ್ಕದಿದ್ರೇನೇ ಜಾರದೆ ನಿಲ್ಲೋದು. ನಿಮ್ಮ ಅಳತೆ ಸ್ವೆಟರನ್ನ ಯಾವಾಗಲೂ ಮುಗಿದ ಅಳತೆಗೆ ಹೋಲಿಸಿ. ಎಸ್, ಎಂ, ಎಲ್ ಅಕ್ಷರಗಳನ್ನ ಮರೆತುಬಿಡಿ. ನೀವು "ಎಲ್" ಅಲ್ಲ, ನಿಮ್ಮ ಸ್ವೆಟರ್ 41 ಇಂಚು, ಅಷ್ಟೇ.

ಎದೆ ಭಾಗ ದೊಡ್ಡದಿರೋ ಹೆಣ್ಣುಮಕ್ಕಳು ಒಂದು ವಿಷಯ ಗಮನಿಸಿ. ಎದೆಯ ಪೂರ್ತಿ ಸುತ್ತಳತೆಗೆ ಸೈಜ್ ಆರಿಸಿದ್ರೆ ಎದೆಗೆ ಸರಿಯಾಗುತ್ತೆ, ಭುಜ ಜಾರಿ ತೋಳಿಗೆ ಬರುತ್ತೆ, ಕುತ್ತಿಗೆ ಅಗಲ ಆಗುತ್ತೆ. ಕಂಕುಳಿನ ಕೆಳಗೇ, ಎದೆಯ ಮೇಲ್ಭಾಗದಲ್ಲಿ ಟೇಪು ಸುತ್ತಿ ಬಂದ ಅಳತೆಗೆ ಸೈಜ್ ಆರಿಸಿ. ಮುಂದೆ ಬೇಕಾದ ಹೆಚ್ಚುವರಿ ಜಾಗವನ್ನ ಆಮೇಲೆ ಸೇರಿಸಬಹುದು, ಹೇಗೆ ಅಂತ ಹೇಳ್ತೀನಿ. ಸ್ವೆಟರ್ ನೇತಾಡೋದು ಭುಜದ ಮೇಲೆ. ಭುಜ ಸರಿ ಕೂತ್ರೆ ಉಳಿದಿದ್ದಕ್ಕೆ ದಾರಿ ಇದೆ. ಭುಜವೇ ತಪ್ಪಿದ್ರೆ ಏನೂ ಮಾಡೋಕಾಗಲ್ಲ.

ಪ್ಯಾಟರ್ನೇ ಬೇಡ, ನನ್ನ ಲೆಕ್ಕದಲ್ಲೇ ಹೆಣೀತೀನಿ ಅನ್ನೋರಿಗೆ ಎಲಿಜಬೆತ್ ಜಿಮ್ಮರ್‌ಮನ್ ಗೊತ್ತಿರಲೇಬೇಕು. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದವರು. 1971ರಲ್ಲಿ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಅಂತ ಪುಸ್ತಕ ಬರೆದ್ರು, ಕಣ್ಣೀರಿಲ್ಲದ ಹೆಣಿಗೆ. ಅವರ ಹೆಸರಲ್ಲಿ ಪ್ರಸಿದ್ಧವಾಗಿರೋದು ಒಂದು ಶೇಕಡಾವಾರು ಪದ್ಧತಿ. ಇದನ್ನ ಮೊದಲು ಓದಿದಾಗ ನನಗೆ ಕಾಸ್ಟ್ ಅಕೌಂಟಿಂಗ್ ಕ್ಲಾಸ್ ನೆನಪಾಗಿ ನಗು ಬಂತು. ಮೈ ಸುತ್ತಿನ ಒಟ್ಟು ಸ್ಟಿಚ್ 100 ಪರ್ಸೆಂಟ್. ಮುಂಗೈ ಹತ್ತಿರ ತೋಳು ಅದರ 20 ಪರ್ಸೆಂಟ್. ತೋಳಿನ ಮೇಲ್ಭಾಗ 33ರ ಆಸುಪಾಸು. ಕಂಕುಳಲ್ಲಿ ಕೂಡೋ ಭಾಗ 8. ಕುತ್ತಿಗೆ 40. ನಮ್ಮ 200 ಸ್ಟಿಚ್ ಸ್ವೆಟರ್‌ನಲ್ಲಿ ಮುಂಗೈ 40 ಸ್ಟಿಚ್, ಅಂದ್ರೆ 8 ಇಂಚು. ಮೇಲ್ತೋಳು 66, ಅಂದ್ರೆ 13 ಇಂಚು ಚಿಲ್ಲರೆ. ಕುತ್ತಿಗೆ 80, 16 ಇಂಚು. ಗೇಜ್ ಒಂದು, ಸುತ್ತಳತೆ ಒಂದು, ಇಷ್ಟು ಗೊತ್ತಿದ್ರೆ ಇಡೀ ಸ್ವೆಟರ್‌ನ ಬಜೆಟ್ ಸಿದ್ಧ.

ಮರುವರ್ಷ, 1972ರಲ್ಲಿ, ಬಾರ್ಬರಾ ವಾಕರ್ ಅನ್ನೋರು 'ನಿಟ್ಟಿಂಗ್ ಫ್ರಮ್ ದ ಟಾಪ್' ಬರೆದ್ರು. ಕುತ್ತಿಗೆಯಿಂದ ಶುರು ಮಾಡಿ ಕೆಳಗೆ ಹೆಣೀತಾ ಬರೋ ವಿಧಾನ. ಮೊದಲ ಸ್ವೆಟರ್ ಹೆಣೆಯೋರಿಗೆ ನಾನು ಇದನ್ನೇ ಹೇಳೋದು. ನಡುನಡುವೆ ಸ್ಟಿಚ್‌ಗಳನ್ನ ಉದ್ದ ದಾರಕ್ಕೆ ಏರಿಸಿ, ತಲೆ ಮೇಲಿಂದ ತೊಟ್ಟು, ಕನ್ನಡಿ ಮುಂದೆ ನಿಲ್ಲಬಹುದು. ಉದ್ದ ಸಾಕಾ? ನಿಲ್ಲಿಸಿ. ಇನ್ನೂ ಬೇಕಾ? ಹೆಣೀತಾ ಹೋಗಿ. ನಮ್ಮ ಅಜ್ಜಿಯಂದಿರು ಹೆಣೀತಾ ಇದ್ದ ತುಂಡನ್ನ ಮಗುವಿನ ಬೆನ್ನಿಗೆ ಹಿಡಿದು "ಇನ್ನೊಂದು ಗೇಣು ಬೇಕು" ಅಂತಿದ್ರಲ್ಲ, ಅದೇ ತತ್ವ. ಅವರಿಗೆ ಪ್ಯಾಟರ್ನ್ ಇರಲಿಲ್ಲ, ಆದರೆ ಮೈ ಎದುರಿಗೇ ಇತ್ತು.

ಮೇಲಿಂದ ಹೆಣೆಯೋವಾಗ ಸಾಲುಗಳ ಎಣಿಕೆ ಬಗ್ಗೆ ಹುಷಾರು. ಎಲ್ಲರೂ ಸ್ಟಿಚ್ ಎಣಿಸ್ತಾರೆ, ಸಾಲು ಎಣಿಸೋದು ಬಿಟ್ಟುಬಿಡ್ತಾರೆ. ಕುತ್ತಿಗೆಯಿಂದ ಕಂಕುಳವರೆಗೆ 63 ಸಾಲು ಅಂತ ಪ್ಯಾಟರ್ನ್ ಹೇಳಿದೆ. ಇಂಚಿಗೆ 7 ಸಾಲು ಬಂದ್ರೆ ಅದು 9 ಇಂಚು. ನಿಮ್ಮ ಕೈಗೆ ಇಂಚಿಗೆ 6 ಬಂದ್ರೆ ಹತ್ತೂವರೆ ಇಂಚು. ಸ್ವೆಟರ್‌ನ ಕಂಕುಳು ನಿಮ್ಮ ಕಂಕುಳಿಗಿಂತ ಒಂದೂವರೆ ಇಂಚು ಕೆಳಗೆ ಹೋಗಿ ಕೂರುತ್ತೆ. ಆಮೇಲೆ ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕೆ ಕೈ ಎತ್ತಿದ್ರೆ ಇಡೀ ಸ್ವೆಟರ್ ಮೇಲಕ್ಕೆ ಬರುತ್ತೆ. ಜನ ಸ್ವೆಟರ್ ಗಿಡ್ಡ ಆಯ್ತು ಅಂದ್ಕೊಳ್ತಾರೆ. ನಿಜವಾಗಿ ಕಂಕುಳು ತಪ್ಪಿದೆ.

ಇಲ್ಲೀವರೆಗೆ ಹೇಳಿದ್ದರಲ್ಲಿ ಒಂದು ತೊಂದರೆ ಇದೆ. ಶೇಕಡಾವಾರು ಲೆಕ್ಕ, ಪ್ಯಾಟರ್ನ್ ಎಲ್ಲವೂ ಸರಾಸರಿ ಮೈಯನ್ನ ಕಲ್ಪಿಸ್ಕೊಂಡು ಮಾಡಿದ್ದು. ನಿಮ್ಮ ಮೇಲ್ತೋಳು 13 ಇಂಚು ಇದೆ, ಎರಡು ಇಂಚು ಸಡಿಲು ಬೇಕು ಅಂದ್ರೆ 15 ಇಂಚು, 75 ಸ್ಟಿಚ್ ಆಗುತ್ತೆ. ಫಾರ್ಮುಲಾ ಕೊಡೋದು 66. ಆಗ ಫಾರ್ಮುಲಾ ಬಿಟ್ಟು ಟೇಪಿನ ಮಾತು ಕೇಳಬೇಕು. ಅಂಗಡಿ ಬಟ್ಟೆಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಟ್ರಯಲ್ ರೂಮಲ್ಲಿ ಏನೂ ಕೂರದೆ ಹೊರಗೆ ಬಂದು, ತನ್ನ ಮೈಯಲ್ಲೇ ಏನೋ ದೋಷ ಇದೆ ಅನ್ನೋ ಮುಖ ಮಾಡ್ಕೊಂಡು ನಿಂತೋರನ್ನ ನಾವೆಲ್ಲ ನೋಡಿದ್ದೀವಿ. ಕೈಹೆಣಿಗೆ ದುಬಾರಿ, ನಿಧಾನ, ಎರಡೂ ನಿಜ. ಚಳಿಗಾಲದಲ್ಲಿ ರಸ್ತೆ ಬದಿ ಟಿಬೆಟನ್ನರು ಲೂಧಿಯಾನದಿಂದ ತಂದು ಮಾರೋ ಸ್ವೆಟರ್‌ನ ಬೆಲೆಗೆ ನಿಮ್ಮ ಹೆಣಿಗೆ ಯಾವತ್ತೂ ಸಾಟಿ ಆಗಲ್ಲ, ನಿಮ್ಮ ಗಂಟೆಗೆ ಕೂಲಿ ಹಾಕಿದ್ರಂತೂ ಮುಗಿದೇ ಹೋಯ್ತು. ಉಳಿತಾಯಕ್ಕೆ ಅಂತ ಹೆಣೆಯೋದಾದ್ರೆ ಬೇಡ. ಹೆಣೆಯೋಕೆ ಗಟ್ಟಿ ಕಾರಣ ಒಂದೇ, ಸರಾಸರಿ ಅಲ್ಲದ ಮೈ.

ನನ್ನ ಅಜ್ಜಿ ಸಾಗರದ ಹತ್ತಿರ ಇರೋದು. ಮಳೆಗಾಲ ಶುರುವಾದ್ರೆ ಅಲ್ಲಿ ಸ್ವೆಟರ್ ಬಿಚ್ಚೋದು ದೀಪಾವಳಿ, ಸಂಕ್ರಾಂತಿ ಎಲ್ಲ ಕಳೆದ ಮೇಲೆ. ಅವರ ಬೆನ್ನು ಮೇಲ್ಭಾಗದಲ್ಲಿ ಬಾಗಿದೆ, ವಯಸ್ಸಾದ ಮೇಲೆ ಬಹಳ ಜನರಿಗೆ ಆಗೋ ಹಾಗೆ. ಮೊಮ್ಮಕ್ಕಳೆಲ್ಲ ಸೇರಿ ಕೊಡಿಸಿದ ಸ್ವೆಟರ್‌ಗಳು ಟ್ರಂಕಿನಲ್ಲಿ ಅರ್ಧ ಡಜನ್ ಇವೆ. ಒಂದನ್ನೂ ಹಾಕಲ್ಲ. ಕೇಳಿದ್ರೆ "ಸೆಕೆ ಆಗುತ್ತೆ ಕಣೇ" ಅಂತಾರೆ, ಹೇಳ್ತಾ ಹೇಳ್ತಾ ಸೆರಗನ್ನ ಸೊಂಟಕ್ಕೆ ಎಳ್ಕೊಳ್ತಾರೆ. ಒಂದು ಹಾಕಿಸಿ ಹಿಂದಿನಿಂದ ನೋಡಿದಾಗ ವಿಷಯ ಗೊತ್ತಾಯ್ತು. ಬಾಗಿದ ಬೆನ್ನು ಸ್ವೆಟರ್‌ನ ಹಿಂಭಾಗವನ್ನೆಲ್ಲ ಮೇಲಕ್ಕೆ ಎಳ್ಕೊಂಡುಬಿಡುತ್ತೆ. ಸೊಂಟ ಬಯಲು. ಮುಂದೆ ಬಟ್ಟೆ ಜಾಸ್ತಿ ಆಗಿ ಹೊಟ್ಟೆ ಹತ್ರ ಮುದುಡಿ ಕೂರುತ್ತೆ. ದೊಡ್ಡ ಸೈಜ್ ತಂದ್ರೆ ಕುತ್ತಿಗೆ ಜಾರುತ್ತೆ, ಸೊಂಟ ಮಾತ್ರ ಆಗಲೂ ಬಯಲೇ. ಅವರಿಗೆ ಬೇಕಾಗಿದ್ದು ದೊಡ್ಡ ಸ್ವೆಟರ್ ಅಲ್ಲ, ಹಿಂದೆ ಮಾತ್ರ ಉದ್ದ ಇರೋ ಸ್ವೆಟರ್. ಅಂಥದ್ದನ್ನ ಯಾರೂ ಮಾರಲ್ಲ.

ಎಷ್ಟು ಉದ್ದ ಅಂತ ಕಂಡುಹಿಡಿಯೋದು ಹೀಗೆ. ಹಳೇ ಸ್ವೆಟರ್ ಹಾಕಿಸಿ, ಅದರ ಮೇಲಿಂದ ಸೊಂಟದ ಸುತ್ತ ನೆಲಕ್ಕೆ ಸಮವಾಗಿ ಒಂದು ದಾರ ಕಟ್ಟಿ. ಹೇಗೆ ನಿಲ್ತಾರೋ ಹಾಗೇ ನಿಲ್ಲಲಿ, ನೆಟ್ಟಗೆ ನಿಲ್ಲಿ ಅನ್ನಬೇಡಿ. ದಾರದಿಂದ ಸ್ವೆಟರ್‌ನ ಕೆಳ ಅಂಚಿಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಅಳೆಯಿರಿ. ಅಜ್ಜಿಯದ್ದು ಹಿಂದೆ 3 ಇಂಚು ಮೇಲಿತ್ತು. ಅಂದ್ರೆ ಹಿಂಭಾಗಕ್ಕೆ 3 ಇಂಚು ಸಾಲದು. ಇಂಚಿಗೆ 7 ಸಾಲು, ಮೂರಕ್ಕೆ 21. ಇದು ಜೋಡಿಯಲ್ಲೇ ಬರಬೇಕು, ಹೋಗೋ ಸಾಲು, ವಾಪಸ್ ಬರೋ ಸಾಲು. ಹಾಗಾಗಿ 20 ಸಾಲು, 10 ಜೋಡಿ.

ಈ ಹೆಚ್ಚುವರಿ ಸಾಲುಗಳನ್ನ ಬರೀ ಹಿಂಭಾಗಕ್ಕೆ ಸೇರಿಸೋ ತಂತ್ರಕ್ಕೆ ಷಾರ್ಟ್ ರೋ ಅಂತಾರೆ, ಗಿಡ್ಡ ಸಾಲು. ಸಾಲನ್ನ ಪೂರ್ತಿ ಮುಗಿಸದೆ ಮಧ್ಯದಲ್ಲೇ ತಿರುಗಿ ವಾಪಸ್ ಬರೋದು. ಆಗ ಆ ಜಾಗದಲ್ಲಿ ಮಾತ್ರ ಬಟ್ಟೆ ಬೆಳೆಯುತ್ತೆ, ಉಳಿದ ಕಡೆ ಹಾಗೇ ಇರುತ್ತೆ. ಕಾಲುಚೀಲದ ಹಿಮ್ಮಡಿ ದುಂಡಗಾಗೋದೂ ಹೀಗೇ. ಸುಮ್ಮನೆ ತಿರುಗಿದ್ರೆ ಆ ಜಾಗದಲ್ಲಿ ತೂತು ಬೀಳುತ್ತೆ. ಅದನ್ನ ಮುಚ್ಚೋಕೆ ನಾಲ್ಕಾರು ವಿಧಾನ ಇವೆ, ನನಗೆ ಸುಲಭ ಅನ್ಸೋದು ಜರ್ಮನ್ ಷಾರ್ಟ್ ರೋ. ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ವಿಡಿಯೊ ಹುಡುಕಿ, ಐದು ನಿಮಿಷದ ಕೆಲಸ. ಹತ್ತೂ ಜೋಡಿಯನ್ನ ಒಂದೇ ಕಡೆ ಒಟ್ಟಬೇಡಿ, ಅಲ್ಲಿ ಚೀಲದ ಥರ ಉಬ್ಬುತ್ತೆ. ನಾನು ಐದನ್ನ ಕುತ್ತಿಗೆಯ ಹಿಂದೆ, ಐದನ್ನ ಬೆನ್ನು ಹೆಚ್ಚು ಬಾಗಿರೋ ಕಡೆ ಹಂಚಿದೆ. ಒಂದೊಂದು ಜೋಡಿ ತಿರುಗೋ ಜಾಗವನ್ನ ಒಂದಿಷ್ಟು ಸ್ಟಿಚ್ ಆಚೆಗೆ ಸರಿಸ್ತಾ ಹೋದ್ರೆ ಬಟ್ಟೆ ಮೆಟ್ಟಿಲಾಗದೆ ಇಳಿಜಾರಾಗಿ ಬರುತ್ತೆ.

ಇನ್ನೊಂದು ವಿಷಯ, ಅವರಿಗೆ ಕೈ ಮೇಲೆತ್ತಿ ತಲೆಯಿಂದ ಹಾಕ್ಕೊಳ್ಳೋಕೆ ಆಗಲ್ಲ. ಅದಕ್ಕೆ ಮುಂದೆ ತೆರೆಯೋ ಹಾಗೆ, ದೊಡ್ಡ ದೊಡ್ಡ ಗುಂಡಿ ಇಟ್ಟೆ. ಬೆರಳು ನೋಯೋರಿಗೆ ಶರ್ಟಿನ ಸೈಜಿನ ಗುಂಡಿ ಹಾಕೋದು ದೊಡ್ಡ ಸರ್ಕಸ್. ತೋಳು ಒಂದಿಂಚು ಗಿಡ್ಡ ಇಟ್ಟೆ, ಪಾತ್ರೆ ತೊಳೆಯೋವಾಗ ಒದ್ದೆ ಆಗಬಾರದು ಅಂತ. ಪಾತ್ರೆ ತೊಳೀಬೇಡಿ ಅಂದ್ರೆ ಕೇಳೋರಲ್ಲ. ಹಾಕ್ಕೊಂಡು ಎರಡು ಸಲ ಕೈ ಹಿಂದೆ ಮಾಡಿ ಸೊಂಟ ಮುಟ್ಟಿ ನೋಡ್ಕೊಂಡ್ರು. "ಗೂನಿಗೂ ಅಳತೆ ತಗೊಂಡ್ಯಾ" ಅಂತ ಕೇಳಿದ್ರು. ಆ ಮಳೆಗಾಲ ಪೂರ್ತಿ ಸೆಕೆಯ ಸುದ್ದಿ ಬರಲಿಲ್ಲ.

ಇದೇ ಗಿಡ್ಡ ಸಾಲು ಹೊಟ್ಟೆ ಇರೋ ಚಿಕ್ಕಪ್ಪನಿಗೂ ಬರುತ್ತೆ, ಆದರೆ ಮುಂದುಗಡೆ. ದಾರ ಕಟ್ಟಿ ಅಳೆದಾಗ ಮುಂದೆ ಒಂದೂವರೆ ಇಂಚು ಮೇಲೆ ಹೋಗಿದ್ರೆ, ಹತ್ತು ಸಾಲು, ಐದು ಜೋಡಿ, ಹೊಟ್ಟೆಯ ಹತ್ತಿರ. ಆಗಲೇ ಹೇಳಿದ್ನಲ್ಲ, ಭುಜಕ್ಕೆ ಸೈಜ್ ಆರಿಸಿದ ಹೆಣ್ಣುಮಕ್ಕಳಿಗೆ ಎದೆ ಭಾಗದಲ್ಲಿ ಉದ್ದ ಸಿಗೋದೂ ಇದರಿಂದಲೇ. ಅಗಲವೂ ಬೇಕಾದ್ರೆ ಮುಂಭಾಗದಲ್ಲಿ ಒಂದಿಷ್ಟು ಸ್ಟಿಚ್ ಹೆಚ್ಚಿಸಿ, ಎದೆ ದಾಟಿದ ಮೇಲೆ ಇಳಿಸಿ. ಬೆಳಗ್ಗೆ ಸ್ಕೂಟರ್ ಓಡಿಸೋರು ಇನ್ನೊಂದು ನೋಡ್ಕೊಳ್ಳಿ. ಹ್ಯಾಂಡಲ್ ಹಿಡಿದಾಗ ತೋಳು ಹಿಂದಕ್ಕೆ ಸರಿಯುತ್ತೆ, ಬೆನ್ನಿನ ಅಂಚು ಮೇಲೇಳುತ್ತೆ. ಗಾಳಿ ನುಗ್ಗೋದು ಆ ಎರಡು ಕಡೆಯಿಂದಲೇ. ತೋಳಿನ ಉದ್ದ ಅಳೆಯೋವಾಗ ಕೈ ಜೋತು ಬಿಡಬೇಡಿ, ಹ್ಯಾಂಡಲ್ ಹಿಡಿದ ಭಂಗಿಯಲ್ಲಿ ಅಳೆಯಿರಿ.

ಇಷ್ಟೆಲ್ಲ ಮಾಡಿದ್ರೂ ಅರ್ಧಕ್ಕೆ ಬಂದಾಗ ಏನೋ ಸರಿ ಇಲ್ಲ ಅಂತ ಅನ್ನಿಸಬಹುದು. ಎಂಟು ಇಂಚು ಹೆಣೆದ ಮೇಲೆ ಸ್ವೆಟರನ್ನ ಮತ್ತೆ ಅಳೆಯಿರಿ, ಯಾಕಂದ್ರೆ ಸಣ್ಣ ತುಂಡಿನಲ್ಲಿ ಬಂದ ಗೇಜ್ ದೊಡ್ಡ ಬಟ್ಟೆಯಲ್ಲಿ ಸ್ವಲ್ಪ ಬದಲಾಗಬಹುದು. ತುಂಡನ್ನ ಹೋಗಿ ಬಂದು ಹೆಣೆದು, ಸ್ವೆಟರನ್ನ ವೃತ್ತಾಕಾರದ ಕಡ್ಡಿಯಲ್ಲಿ ಸುತ್ತಿ ಸುತ್ತಿ ಹೆಣೆದ್ರೆ ಇದು ಇನ್ನೂ ಜಾಸ್ತಿ, ಯಾಕಂದ್ರೆ ಬಹಳ ಜನರಿಗೆ ಸೀದಾ ಸ್ಟಿಚ್‌ಗೂ ಉಲ್ಟಾ ಸ್ಟಿಚ್‌ಗೂ ಕೈಬಿಗಿ ಒಂದೇ ಇರಲ್ಲ. ಮೂರು ಇಂಚು ದೊಡ್ಡದು ಬರ್ತಿದೆ ಅಂತ ಗೊತ್ತಾದಾಗ "ಇಷ್ಟು ಹೆಣೆದುಬಿಟ್ಟಿದ್ದೀನಲ್ಲ, ಒಗೆದ್ರೆ ಸರಿ ಹೋಗುತ್ತೆ" ಅಂತ ಮುಂದುವರಿಸೋರೇ ಹೆಚ್ಚು. ನಮ್ಮ ಪಠ್ಯದಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಿದ್ರು. ಕಳೆದುಹೋದ ಗಂಟೆ ವಾಪಸ್ ಬರಲ್ಲ, ಬಿಚ್ಚಿದ್ರೂ ಬರಲ್ಲ, ಬಿಚ್ಚದಿದ್ರೂ ಬರಲ್ಲ. ಆದರೆ ಉಲ್ಲನ್ ವಾಪಸ್ ಬರುತ್ತೆ! ಟೈಲರ್ ಕತ್ತರಿ ಹಾಕಿದ ಬಟ್ಟೆ ಮತ್ತೆ ಥಾನ್ ಆಗಲ್ಲ, ಹೆಣಿಗೆ ಬಿಚ್ಚಿದ್ರೆ ಮತ್ತೆ ದಾರ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ನೆನೆಸಿ ಒಣಗಿಸಿದ್ರೆ ಉಣ್ಣೆಯ ಸುರುಳಿಗಳೆಲ್ಲ ನೇರ ಆಗ್ತವೆ. ಒಣಗಿದ ಮೇಲೆ ಹೊಸ ಉಂಡೆ.

ಮುಗಿದ ಸ್ವೆಟರನ್ನ ಹ್ಯಾಂಗರ್‌ಗೆ ನೇತು ಹಾಕಬೇಡಿ, ಭುಜದಲ್ಲಿ ಕೊಂಬು ಮೂಡುತ್ತೆ, ಉದ್ದವೂ ಜಾರುತ್ತೆ. ಮಡಚಿ ಇಡಿ. ಒಗೆದ ಮೇಲೆ ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೀವು ಲೆಕ್ಕ ಹಾಕಿದ ಅಳತೆಗೇ ಹಾಸಿ ಒಣಗಿಸಿ. ಸ್ಯಾಂಪಲ್ ತುಂಡನ್ನ ಎಸೀಬೇಡಿ. ಅದರ ಮೇಲೆ ಒಂದು ಚೀಟಿ ಪಿನ್ ಮಾಡಿ, ಯಾವ ಉಲ್ಲನ್, ಎಷ್ಟು ಮಿ.ಮೀ. ಕಡ್ಡಿ, 4 ಇಂಚಿಗೆ ಎಷ್ಟು ಸ್ಟಿಚ್, ಎಷ್ಟು ಸಾಲು. ಮುಂದಿನ ವರ್ಷ ಅದೇ ದಾರ ತಂದಾಗ ಬೇಕಾಗುತ್ತೆ.

ಕೈಯಲ್ಲಿ ಕಡ್ಡಿ ಹಿಡಿದಿರೋರು ನಿಮ್ಮ ಗೇಜ್ ಎಷ್ಟು ಬಂತು ಅಂತ ನನಗೆ ಕಳಿಸಿ. 4 ಇಂಚಿಗೆ ಎಷ್ಟು, ಒಗೆಯೋ ಮೊದಲು ಒಂದು, ಒಗೆದ ಮೇಲೆ ಒಂದು. ಮುಂದಿನ ಸಂಚಿಕೆಯಲ್ಲಿ ತೋಳು ಮತ್ತು ಕಂಕುಳು ಜೋಡಿಸೋದು ಹೇಗೆ ಅಂತ ನೋಡೋಣ. ಅಲ್ಲೀವರೆಗೆ, ನಮಸ್ಕಾರ.